ಬೆಲ್ಟಿನ ಬಣ್ಣವಲ್ಲ, ಗುರುವಿನ ಗಮನ

ಕುಸ್ತಿಯ ಪರಂಪರೆಯುಳ್ಳ ದಾವಣಗೆರೆಯಲ್ಲಿ ಗರಡಿಮನೆಯ ಉಸ್ತಾದರ ಯೋಗ್ಯತೆಯನ್ನು ಊರೇ ಅಳೆಯುತ್ತ ಬಂದಿದೆ. ದುರ್ಗಾಂಬಿಕಾ ದೇವಿಯ ಜಾತ್ರೆಯ ಕಣದಲ್ಲಿ ಶಿಷ್ಯನು ಹಾಕುವ ಪಟ್ಟು ಎಲ್ಲರ ಕಣ್ಣೆದುರೇ ಇರುವುದರಿಂದ ಅಲ್ಲಿ ಬೇರೆ ಪ್ರಮಾಣಪತ್ರ ಬೇಕಾಗುವುದಿಲ್ಲ. ಕರಾಟೆಯಲ್ಲಾದರೋ ಕಲಿಕೆಯ ಮಟ್ಟವನ್ನು ತೀರ್ಮಾನಿಸುವ ಬೆಲ್ಟ್ ಪರೀಕ್ಷೆಯನ್ನು ನಡೆಸುವವರೂ ಅದರ ಶುಲ್ಕ ಪಡೆಯುವವರೂ ಸಾಮಾನ್ಯವಾಗಿ ಒಂದೇ ಶಾಲೆಯವರಾಗಿರುವುದರಿಂದ, ಮಗುವನ್ನು ಸೇರಿಸಲು ಹೊರಟ ಪಾಲಕರು ಮೊದಲು ಶಾಲೆಯನ್ನೇ ಪರೀಕ್ಷಿಸಬೇಕಾಗುತ್ತದೆ.

ಒಕಿನಾವಾ ದ್ವೀಪದಲ್ಲಿ ಬೆಳೆದ ಈ ಕಲೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದರು. ಮುಂದೆ ಅದು ಜಪಾನಿನಲ್ಲಿ ಶೋಟೋಕಾನ್, ಗೋಜು ರ್ಯು, ಶಿಟೋ ರ್ಯು, ವಾಡೋ ರ್ಯು ಎಂಬ ನಾಲ್ಕು ಪ್ರಮುಖ ಶೈಲಿಗಳಾಗಿ ನೆಲೆಗೊಂಡಿತು. ಹೊಸಬರು ಈ ಭೇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ನಿಲುವು, ಹೊಡೆತ, ತಡೆಗಳ ಮೂಲಪಾಠವಾದ ಕಿಹೊನ್, ಅವನ್ನು ನಿಗದಿತ ಕ್ರಮದಲ್ಲಿ ಜೋಡಿಸಿದ ಕಾತಾ, ಎದುರಾಳಿಯೊಡನೆ ಸೆಣಸುವ ಕುಮಿತೆ ಈ ಮೂರೂ ಎಲ್ಲ ಶೈಲಿಗಳಲ್ಲಿವೆ. ಆದ್ದರಿಂದ ನೋಡಬೇಕಾದದ್ದು ಗುರುವು ಪ್ರತಿ ಮಗುವಿನ ಮಂಡಿ, ಪಾದ, ಮುಷ್ಟಿಗಳನ್ನು ತಿದ್ದುತ್ತಾರೆಯೇ, ಮೂಲಪಾಠ ಗಟ್ಟಿಯಾಗುವ ಮೊದಲೇ ಕುಮಿತೆಗೆ ಇಳಿಸುತ್ತಾರೆಯೇ ಎಂಬುದನ್ನು. ಕ್ಯೋಕುಶಿನ್‌ನಂತಹ, ಪೂರ್ಣ ಬಲದ ಹೊಡೆತಕ್ಕೆ ಅವಕಾಶವಿರುವ ಪದ್ಧತಿಯಾದರೆ ಮಕ್ಕಳಿಗಿರುವ ರಕ್ಷಣಾ ಕವಚ ಮತ್ತು ನಿಯಮಗಳನ್ನು ಮೊದಲೇ ಕೇಳಿಕೊಳ್ಳಬೇಕು.

ಬಣ್ಣದ ಬೆಲ್ಟಿನ ಹಂತಗಳಿಗೆ ಕ್ಯು ಎಂದೂ ಕಪ್ಪು ಬೆಲ್ಟಿನ ಹಂತಗಳಿಗೆ ಡಾನ್ ಎಂದೂ ಹೆಸರು. ನಿಯಮಿತ ಅಭ್ಯಾಸವಿದ್ದರೂ ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬೇಕಾಗುವುದರಿಂದ, ಒಂದೇ ವರ್ಷದಲ್ಲಿ ಅದನ್ನು ಕೊಡಿಸುವ ಭರವಸೆ ನೀಡುವವರು ಮಾರುತ್ತಿರುವುದು ಬಟ್ಟೆಯನ್ನೇ ಹೊರತು ವಿದ್ಯೆಯನ್ನಲ್ಲ. ಒಲಿಂಪಿಕ್ಸ್ ಆಸೆ ತೋರಿಸುವವರ ಮಾತನ್ನೂ ತೂಗಿ ನೋಡಬೇಕು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿದ್ದ ಕರಾಟೆ 2024ರ ಪ್ಯಾರಿಸ್ ಕೂಟದಲ್ಲಿ ಇರಲಿಲ್ಲ.

1997ರವರೆಗೆ ದಾವಣಗೆರೆ, ಹರಿಹರಗಳು ಸೇರಿದ್ದ ಚಿತ್ರದುರ್ಗ ಜಿಲ್ಲೆಯ ವೀರವನಿತೆ ಒನಕೆ ಓಬವ್ವಳ ಹೆಸರಿನಲ್ಲಿ ರಾಜ್ಯ ಸರ್ಕಾರವು ವಸತಿ ಶಾಲೆ ಮತ್ತು ಹಾಸ್ಟೆಲ್‌ಗಳ ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಬೇತಿ ಆರಂಭಿಸಿದ್ದು ಸ್ತುತ್ಯವೇ. ಆದರೆ ಇಂತಹ ತರಬೇತಿ ಕೆಲ ತಿಂಗಳಲ್ಲಿ ಮುಗಿಯುತ್ತದೆ. ಮುಂದುವರಿಯಬಯಸುವ ಹುಡುಗಿಗೆ ಹರಿಹರದಿಂದ ಸುಮಾರು 14 ಕಿ.ಮೀ. ದೂರದ ದಾವಣಗೆರೆಯ ಹೆಸರಾಂತ ಶಾಲೆಗಿಂತ, ಕತ್ತಲಾಗುವ ಮೊದಲು ಮನೆ ಸೇರಲು ಅನುವಾಗುವ, ತನ್ನ ವಯಸ್ಸಿನ ಹುಡುಗಿಯರು ಕಲಿಯುತ್ತಿರುವ ಹತ್ತಿರದ ಶಾಲೆಯೇ ಮೇಲು, ಏಕೆಂದರೆ ಈ ವಿದ್ಯೆ ಒಲಿಯುವುದು ತಪ್ಪದೆ ಹೋಗುವವರಿಗೆ.

ಶುಲ್ಕ ಕಟ್ಟುವ ಮುನ್ನ ಪಾಲಕರು ಒಂದೆರಡು ತರಗತಿಗಳನ್ನು ಆದಿಯಿಂದ ಅಂತ್ಯದವರೆಗೆ ಕುಳಿತು ನೋಡಬೇಕು. ಅದಕ್ಕೆ ಒಪ್ಪದ ಶಾಲೆಗೆ ಮಗುವನ್ನು ಸೇರಿಸಬಾರದು.