ಹಡಗಿನಿಂದ ಇಳಿಯುವ ಬೆಳಗು

ಯಾತ್ರೆಗೆ ಹೊರಡುವ ದಿನದ ಸಿದ್ಧತೆಗೆ ನಾವು ಕೊಡುವ ಗಮನದ ಕಾಲುಭಾಗವನ್ನೂ ಯಾತ್ರೆ ಮುಗಿಯುವ ದಿನಕ್ಕೆ ಕೊಡುವುದಿಲ್ಲ. ಹೊರಡುವಾಗ ಉತ್ಸಾಹವಿರುತ್ತದೆ, ಮರಳುವಾಗ ದಣಿವಿರುತ್ತದೆ. ನೆಲದ ಮೇಲಿನ ಪ್ರವಾಸದಲ್ಲಿ ಈ ಉದಾಸೀನದಿಂದ ದೊಡ್ಡ ಹಾನಿಯಾಗದು; ಒಂದು ಬಸ್ಸು ತಪ್ಪಿದರೆ ಮತ್ತೊಂದು ಬರುತ್ತದೆ. ಆದರೆ ಸಮುದ್ರಯಾನದ ಮಾತು ಬೇರೆ. ಅಲ್ಲಿ ಇಳಿಯುವುದೂ ಹತ್ತುವಷ್ಟೇ ಕ್ರಮಬದ್ಧವಾದ ಕಾರ್ಯ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು, ತಮ್ಮನ್ನು ಕಾಣಲು ಬಂದ ತಂದೆತಾಯಿಗಳನ್ನು ಕ್ರೂಸ್ ಎಂದು ಕರೆಯಲಾಗುವ ವಿಹಾರನೌಕೆಯ ಪ್ರವಾಸಕ್ಕೆ ಕರೆದೊಯ್ಯುವುದು ಈಗ ಅಪರೂಪವಲ್ಲ. ಅಂಥ ಪ್ರವಾಸಗಳಲ್ಲಿ ಅನೇಕವು ಫ್ಲಾರಿಡಾ ರಾಜ್ಯದ ಮಯಾಮಿ ಬಂದರಿನಿಂದ ಹೊರಟು, ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಸುತ್ತಿ, ಮತ್ತೆ ಅಲ್ಲಿಗೇ ಬಂದು ಮುಗಿಯುತ್ತವೆ. ಹಡಗನ್ನು ಹತ್ತುವ ಬಗೆಯನ್ನು ಮಕ್ಕಳು ವಿವರವಾಗಿ ಹೇಳಿರುತ್ತಾರೆ. ಇಳಿಯುವ ಬಗೆಯನ್ನು ಹೇಳುವವರು ವಿರಳ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಈ ಲೇಖನದ ಉದ್ದೇಶ.

ಅದೇ ದಿನ ಮತ್ತೊಂದು ಪ್ರಯಾಣ

ಕೊನೆಯ ದಿನ ಇಷ್ಟೊಂದು ಅವಸರವೇಕೆ ಎಂಬುದನ್ನು ಮೊದಲು ತಿಳಿಯಬೇಕು. ಹಡಗು ನಮಗಾಗಿ ವಿಶ್ರಮಿಸುವುದಿಲ್ಲ. ಮುಂಜಾನೆ ನಮ್ಮನ್ನು ಇಳಿಸಿ, ಅದೇ ದಿನ ಮಧ್ಯಾಹ್ನದ ನಂತರ ಹೊಸ ಪ್ರಯಾಣಿಕರನ್ನು ತುಂಬಿಕೊಂಡು ಮತ್ತೆ ಹೊರಡುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಕೈಗೊಂಡ ‘ಐಕಾನ್ ಆಫ್ ದಿ ಸೀಸ್’ ಎಂಬ ನೌಕೆಯನ್ನೇ ನೋಡೋಣ. ಅದರಲ್ಲಿ 20 ಅಂತಸ್ತುಗಳಿವೆ. ಕೋಣೆಗೆ ಇಬ್ಬರಂತೆ ಎಣಿಸಿದರೆ 5,610 ಪ್ರಯಾಣಿಕರು, ಸಂಪೂರ್ಣ ತುಂಬಿದಾಗ 7,600 ಪ್ರಯಾಣಿಕರು ಅದರಲ್ಲಿ ಹಿಡಿಯುತ್ತಾರೆ; ಸಿಬ್ಬಂದಿಯ ಸಂಖ್ಯೆ ಸುಮಾರು 2,350. ಅಂದರೆ ಒಂದು ಸಣ್ಣ ಪಟ್ಟಣದ ಜನ ಬೆಳಗಿನ ಮೂರು ತಾಸಿನೊಳಗೆ ಖಾಲಿಯಾಗಬೇಕು, ಮಧ್ಯಾಹ್ನ ಅಷ್ಟೇ ಜನ ಒಳಬರಬೇಕು. ಈ ನಡುವೆ ಸಾವಿರಾರು ಕೋಣೆಗಳು ಶುಚಿಯಾಗಬೇಕು, ಹಾಸಿಗೆಗಳ ಹೊದಿಕೆ ಬದಲಾಗಬೇಕು, ವಾರಕ್ಕೆ ಬೇಕಾಗುವ ತರಕಾರಿ, ಹಾಲು, ಹಿಟ್ಟು ಉಗ್ರಾಣ ಸೇರಬೇಕು.

ಈ ಲೆಕ್ಕ ಮನಸ್ಸಿನಲ್ಲಿದ್ದರೆ, ಕೊನೆಯ ಬೆಳಗ್ಗೆ ಸಿಬ್ಬಂದಿಯವರು ಕೋಣೆಯನ್ನು ಬೇಗ ತೆರವು ಮಾಡಿರೆಂದು ಕೇಳಿದಾಗ ಅದು ಅನಾದರವೆಂದು ತೋರದು. ನಾವು ಹತ್ತಿದ ದಿನವೂ ನಮಗಿಂತ ಮುಂಚೆ ಯಾರೋ ಹೀಗೆಯೇ ಬೇಗನೆ ಎದ್ದು ಸ್ಥಳ ಬಿಟ್ಟುಕೊಟ್ಟಿದ್ದರು.

ಹಿಂದಿನ ರಾತ್ರಿಯೇ ಮುಖ್ಯ

ಇಳಿಯುವ ದಿನವು ವಾಸ್ತವವಾಗಿ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ಆ ಹೊತ್ತಿಗೆ ಪ್ರತಿ ಕೋಣೆಗೂ ಬಣ್ಣದ ಅಥವಾ ಸಂಖ್ಯೆಯ ಚೀಟಿಗಳು ಬರುತ್ತವೆ. ಅವನ್ನು ಪೆಟ್ಟಿಗೆಗಳಿಗೆ ಕಟ್ಟಿ, ರಾತ್ರಿ ಹತ್ತು ಹನ್ನೊಂದು ಗಂಟೆಯೊಳಗೆ ಕೋಣೆಯ ಬಾಗಿಲ ಹೊರಗೆ ಇಡಬೇಕು. ಸಿಬ್ಬಂದಿಯವರು ಅವನ್ನು ರಾತ್ರೋರಾತ್ರಿ ಒಯ್ಯುತ್ತಾರೆ. ಮರುದಿನ ಬಂದರಿನ ಕಟ್ಟಡದಲ್ಲಿ ಅದೇ ಸಂಖ್ಯೆಯ ಫಲಕದ ಕೆಳಗೆ ಅವು ಸಾಲಾಗಿ ನಿಂತಿರುತ್ತವೆ. ಒಂದೇ ಬಣ್ಣದ ಪೆಟ್ಟಿಗೆಗಳು ನೂರಾರು ಇರುವುದರಿಂದ ಹಿಡಿಕೆಗೆ ಒಂದು ಬಣ್ಣದ ದಾರವನ್ನೋ ಬಟ್ಟೆಯ ತುಂಡನ್ನೋ ಕಟ್ಟಿಡುವುದು ಲೇಸು.

ಬಾಗಿಲ ಹೊರಗಿಟ್ಟ ಪೆಟ್ಟಿಗೆಯು ಬಂದರಿನ ಕಟ್ಟಡವನ್ನು ಮುಟ್ಟುವವರೆಗೆ ಮತ್ತೆ ಕೈಗೆ ಸಿಗುವುದಿಲ್ಲ. ಆದುದರಿಂದ ಪಾಸ್‌ಪೋರ್ಟ್, ನಿತ್ಯದ ಔಷಧಿಗಳು, ಕನ್ನಡಕ, ಹಣ, ಒಡವೆ, ಫೋನು ಮತ್ತು ಅದರ ಚಾರ್ಜರ್, ಮರುದಿನ ಉಡುವ ಬಟ್ಟೆ ಇವಿಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಎಲ್ಲ ಬಟ್ಟೆಗಳನ್ನೂ ಪೆಟ್ಟಿಗೆಗೆ ತುಂಬಿ ಹೊರಗಿಟ್ಟು, ಬೆಳಗ್ಗೆ ಮಲಗುವ ಉಡುಪಿನಲ್ಲಿಯೇ ನಿಲ್ಲಬೇಕಾದ ಪ್ರಯಾಣಿಕರ ಕಥೆ ಕ್ರೂಸ್ ಹಡಗುಗಳಲ್ಲಿ ಹಳೆಯ ವಿನೋದ. ಆದರೆ ಬಟ್ಟೆಯನ್ನು ಮರೆತರೆ ನಗೆ ಮಾತ್ರ. ಸಕ್ಕರೆ ಕಾಯಿಲೆಯ ಇನ್ಸುಲಿನ್ನನ್ನೋ ರಕ್ತದೊತ್ತಡದ ಮಾತ್ರೆಯನ್ನೋ ಮರೆತರೆ ಅದು ನಗೆಯ ವಿಷಯವಲ್ಲ. ವಯಸ್ಸಾದವರಿರುವ ಕುಟುಂಬದಲ್ಲಿ ಈ ಕೈಚೀಲದ ಹೊಣೆಯನ್ನು ಒಬ್ಬರು ವಹಿಸಿಕೊಳ್ಳುವುದು ಒಳ್ಳೆಯದು.

ಕೋಣೆಯೊಳಗಿನ ಸಣ್ಣ ತಿಜೋರಿಯನ್ನು ತೆರೆದು ನೋಡಿ ಬಾಗಿಲನ್ನು ತೆರೆದೇ ಬಿಡಬೇಕು. ಬೆಲೆಬಾಳುವ ವಸ್ತುವನ್ನು ಭದ್ರವಾಗಿರಲೆಂದು ಅದರೊಳಗಿಟ್ಟು, ಆ ಭದ್ರತೆಯ ನೆಮ್ಮದಿಯಲ್ಲಿಯೇ ಮರೆತು ಹೋಗುವುದು ಮನುಷ್ಯ ಸ್ವಭಾವ. ಮೇಜಿನ ಸೆಳೆಖಾನೆ, ಸ್ನಾನದ ಕೋಣೆಯ ಕೊಕ್ಕೆ, ಮಂಚದ ಕೆಳಭಾಗಗಳನ್ನೂ ಒಮ್ಮೆ ನೋಡುವುದು ಕ್ಷೇಮ.

ತಮ್ಮ ಪೆಟ್ಟಿಗೆಗಳನ್ನು ತಾವೇ ಎತ್ತಿಕೊಂಡು ಇಳಿಯಲು ಶಕ್ತಿಯುಳ್ಳವರು ಚೀಟಿ ಕಟ್ಟಬೇಕಾಗಿಲ್ಲ. ಅಂಥವರನ್ನು ಎಲ್ಲರಿಗಿಂತ ಮೊದಲು ಬಿಡುತ್ತಾರೆ. ಆದರೆ ಆ ಹೊತ್ತಿನಲ್ಲಿ ಲಿಫ್ಟುಗಳು ತುಂಬಿರುತ್ತವೆ. ವೃದ್ಧರೂ ಮಕ್ಕಳೂ ಇರುವ ಕುಟುಂಬಕ್ಕೆ ಈ ಕ್ರಮ ಹೇಳಿಸಿದ್ದಲ್ಲ. ನಡೆಯಲಾರದವರಿಗೆ ಗಾಲಿಕುರ್ಚಿ ಬೇಕಾದರೆ ಒಂದೆರಡು ದಿನ ಮುಂಚಿತವಾಗಿಯೇ ಹಡಗಿನ ವಿಚಾರಣಾ ಕಚೇರಿಯಲ್ಲಿ ಹೇಳಿಡಬೇಕು.

ಲೆಕ್ಕ ನೋಡುವ ಸಮಯ

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕೋಣೆಯ ಕೀಲಿಯಾದ ಕಾರ್ಡೇ ಅಲ್ಲಿ ಹಣದ ಚೀಲ. ಒಂದು ಲೋಟ ಹಣ್ಣಿನ ರಸಕ್ಕೂ, ಒಂದು ಛಾಯಾಚಿತ್ರಕ್ಕೂ ಅದನ್ನೇ ತೋರಿಸುತ್ತ ಹೋಗುತ್ತೇವೆ. ಕೊನೆಯ ರಾತ್ರಿ ಅದೆಲ್ಲ ಒಟ್ಟಾಗಿ, ಮೊದಲೇ ನೋಂದಾಯಿಸಿದ ಕ್ರೆಡಿಟ್ ಕಾರ್ಡಿನ ಮೇಲೆ ಬೀಳುತ್ತದೆ. ಇದಲ್ಲದೆ ಸಿಬ್ಬಂದಿಯ ಭಕ್ಷೀಸೆಂದು ಪ್ರತಿಯೊಬ್ಬ ಪ್ರಯಾಣಿಕನಿಗೆ ದಿನವೊಂದಕ್ಕೆ ಸುಮಾರು 16ರಿಂದ 20 ಡಾಲರ್ ಸೇರಿಸುವ ಪದ್ಧತಿ ಅಮೆರಿಕದ ಬಹುಪಾಲು ಕಂಪನಿಗಳಲ್ಲಿದೆ. ಮೊದಲೇ ಪಾವತಿ ಮಾಡಿದ್ದರೆ ಅದು ಮತ್ತೆ ಬರಬಾರದು. ನಾಲ್ವರ ಕುಟುಂಬಕ್ಕೆ ಏಳು ದಿನಕ್ಕೆ ಇದೊಂದೇ ಬಾಬತ್ತು ಸುಮಾರು 450 ಡಾಲರಾದರೂ ಆಗುತ್ತದೆ. ಇದನ್ನರಿಯದ ಹಿರಿಯರು ಕೊನೆಯ ಬೆಳಗ್ಗೆ ಬೆಚ್ಚಿಬೀಳುತ್ತಾರೆ.

ಲೆಕ್ಕವನ್ನು ಕೊನೆಯ ದಿನಕ್ಕೆ ಬಿಡದೆ, ಹಿಂದಿನ ಮಧ್ಯಾಹ್ನವೇ ಸಾಲುಸಾಲಾಗಿ ನೋಡಿ, ಸಂದೇಹವಿದ್ದರೆ ಆಗಲೇ ಕೇಳಬೇಕು. ಬೆಳಗ್ಗೆ ವಿಚಾರಣಾ ಕಚೇರಿಯ ಮುಂದೆ ಸಾಲು ಬಹಳ ಉದ್ದವಿರುತ್ತದೆ. ಹಡಗಿನಿಂದ ಇಳಿದ ಮೇಲೆ ತಪ್ಪನ್ನು ಸರಿಪಡಿಸಲು ಪತ್ರವ್ಯವಹಾರವೇ ಗತಿ.

ಬೆಳಗಿನ ಕ್ರಮ

ನಸುಕಿನಲ್ಲಿ, ಬಹುಮಂದಿ ನಿದ್ರೆಯಲ್ಲಿರುವಾಗಲೇ, ಆ ಬಂದರಿನ ಆಳ ಅಗಲಗಳನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿಯು ಚಿಕ್ಕ ದೋಣಿಯಲ್ಲಿ ಬಂದು ಹಡಗನ್ನೇರಿ, ಅದು ದಡ ಸೇರಲು ನೆರವಾಗುತ್ತಾನೆ. ಸಾಮಾನ್ಯವಾಗಿ ಆರು ಗಂಟೆಯ ಸುಮಾರಿಗೆ ಹಡಗು ನಿಲ್ಲುತ್ತದೆ. ಬಂದರಿನ ಅಧಿಕಾರಿಗಳು ಅನುಮತಿ ಕೊಟ್ಟ ಮೇಲೆ ಏಳು, ಏಳೂವರೆಯಿಂದ ಜನರನ್ನು ಬಿಡಲಾರಂಭಿಸುತ್ತಾರೆ. ಎಂಟರ ಹೊತ್ತಿಗೆ ಕೋಣೆಯನ್ನು ತೆರವು ಮಾಡಬೇಕು. ಉಪಾಹಾರವಿರುತ್ತದೆ, ಆದರೆ ಎಂದಿಗಿಂತ ಬೇಗನೆ ಮುಗಿಯುತ್ತದೆ. ಬಳಿಕ ತಮ್ಮ ಸಂಖ್ಯೆಯನ್ನು ಕೂಗುವವರೆಗೆ ಸಭಾಂಗಣದಲ್ಲಿ ಕುಳಿತಿರಬೇಕು. ಸಂಖ್ಯೆ ಬರುವ ಮೊದಲೇ ಬಾಗಿಲ ಬಳಿ ಗುಂಪುಗೂಡುವುದರಿಂದ ಯಾರೂ ಬೇಗ ಇಳಿದಂತಾಗದು. ಕೆಳಗೆ ಪೆಟ್ಟಿಗೆಗಳು ಇನ್ನೂ ಬಂದಿರುವುದಿಲ್ಲವಾಗಿ, ಅಲ್ಲಿ ನಿಂತು ಕಾಯುವುದಕ್ಕಿಂತ ಇಲ್ಲಿ ಕುಳಿತು ಕಾಯುವುದೇ ಹಿತ. ಕಡೆಗೆ ಬಾಗಿಲಲ್ಲಿ ಕಾರ್ಡನ್ನು ಯಂತ್ರಕ್ಕೆ ತೋರಿಸಿದಾಗ ಒಂದು ಸಣ್ಣ ಧ್ವನಿ ಕೇಳುತ್ತದೆ. ಅಲ್ಲಿಗೆ ನಾವು ಹಡಗಿನವರಲ್ಲ. ಮರೆತ ವಸ್ತುವಿಗಾಗಿ ಮರಳಿ ಒಳಹೋಗುವಂತಿಲ್ಲ.

ನೆಲದ ಅನುಮತಿ

ಒಂದೇ ಮೇಜಿನಲ್ಲಿ ಕುಳಿತು ಉಂಡ ಕುಟುಂಬವು ಬಂದರಿನ ಅಧಿಕಾರಿಯ ಮುಂದೆ ಮೂರು ಬಗೆಯಾಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗು ಆ ದೇಶದ ಪ್ರಜೆ. ಹೊರಟ ಬಂದರಿಗೇ ಮರಳುವ ಪ್ರವಾಸದಲ್ಲಿ ಅದಕ್ಕೆ ಜನನಪತ್ರವೂ ಸಾಲುವುದುಂಟು. ಮಗನು ಉದ್ಯೋಗದ ವೀಸಾದ ಮೇಲಿರಬಹುದು. ಅಜ್ಜ ಅಜ್ಜಿಯರು ಸಂದರ್ಶಕರು. ಬಹಾಮಾಸ್ ಅಥವಾ ಮೆಕ್ಸಿಕೋ ದಡವನ್ನು ಮುಟ್ಟಿ ಬಂದವರು ಅಮೆರಿಕವನ್ನು ಹೊಸದಾಗಿ ಪ್ರವೇಶಿಸಿದಂತೆ ಎಂಬುದನ್ನು ಮರೆಯಲಾಗದು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಮರುಪ್ರವೇಶಕ್ಕೆ ಆಸ್ಪದವಿರುವ ವೀಸಾ ಇರಬೇಕು. ವೀಸಾದ ಅವಧಿ ಮುಗಿದಿದ್ದರೂ ಮೆಕ್ಸಿಕೋ, ಕೆನಡಾಗಳಿಂದ 30 ದಿನಗಳೊಳಗೆ ಮರಳಲು ಕೆಲವರಿಗೆ ವಿನಾಯಿತಿ ಉಂಟು. ಆದರೆ ಉದ್ಯೋಗದ ವೀಸಾದವರಿಗೆ ಆ ವಿನಾಯಿತಿ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಇದನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಬೇಕೇ ಹೊರತು ಇಳಿಯುವ ಬೆಳಗ್ಗೆ ಅಲ್ಲ.

ಉಪಾಹಾರದ ಮೇಜಿನಿಂದ ಬಾಳೆಹಣ್ಣನ್ನೋ ಸೇಬನ್ನೋ ಚೀಲಕ್ಕೆ ಹಾಕಿಕೊಂಡು ಇಳಿಯುವ ಅಭ್ಯಾಸ ಬೇಡ. ಹಣ್ಣು, ಬೀಜ, ಸಸಿಗಳ ಮೂಲಕ ಬೆಳೆಯ ರೋಗಗಳು ಹರಡುವುದರಿಂದ ಅಲ್ಲಿ ತಪಾಸಣೆ ಕಠಿಣ; ಹೇಳದೆ ಒಯ್ದರೆ ದಂಡವುಂಟು. 10,000 ಡಾಲರಿಗಿಂತ ಹೆಚ್ಚು ನಗದು ಇದ್ದರೆ ಅದನ್ನೂ ತಿಳಿಸಬೇಕು.

ನೆಲದವರು ಹಡಗಿನವರನ್ನು ಕೂಡಲೇ ಒಳಬಿಡದ ಪದ್ಧತಿ ಹೊಸದಲ್ಲ. ಇಂದು ಡುಬ್ರೊವ್ನಿಕ್ ಎನಿಸಿರುವ ರಗುಸಾ ನಗರವು ಪ್ಲೇಗಿನ ಭಯದಿಂದ 1377ರಲ್ಲಿಯೇ ಹೊರಗಿನಿಂದ ಬಂದವರನ್ನು ಮೂವತ್ತು ದಿನ ಬೇರೆಯಾಗಿರಿಸುವ ಕಟ್ಟಳೆ ಮಾಡಿತು. ಅದು ನಲವತ್ತು ದಿನಕ್ಕೆ ಬೆಳೆದು, ನಲವತ್ತೆಂಬ ಅರ್ಥದ ವೆನಿಸಿನ ಮಾತಿನಿಂದ ‘ಕ್ವಾರಂಟೈನ್’ ಎಂಬ ಪದ ಹುಟ್ಟಿತು. ಇಂದಿಗೂ ಹಡಗು ಹಾರಿಸುವ ಹಳದಿ ಬಾವುಟಕ್ಕೆ ‘ನನ್ನಲ್ಲಿ ರೋಗವಿಲ್ಲ, ಒಳಬರಲು ಅನುಮತಿ ಕೊಡಿ’ ಎಂಬುದೇ ಅರ್ಥ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ತಲುಪಿದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ ಪ್ರಯಾಣಿಕರು ಪೆಟ್ಟಿಗೆ ಕಟ್ಟಿ ಇಳಿಯಲು ಸಿದ್ಧರಾಗಿದ್ದರು. ಕೊರೋನಾ ಸೋಂಕಿನ ಕಾರಣದಿಂದ 3,711 ಮಂದಿಗೂ ಇಳಿಯಲು ಅನುಮತಿ ದೊರೆಯಲಿಲ್ಲ. ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. 138 ಭಾರತೀಯರು ಆ ಹಡಗಿನಲ್ಲಿದ್ದರು. 132 ಮಂದಿ ಸಿಬ್ಬಂದಿ, ಆರು ಮಂದಿ ಪ್ರಯಾಣಿಕರು. ಅಂಥದು ನೂರಕ್ಕೊಮ್ಮೆಯೂ ಆಗದ ಸಂಗತಿ. ಆದರೂ ನಾಲ್ಕಾರು ದಿನಗಳಿಗೆ ಹೆಚ್ಚುವರಿಯಾಗಿ ಔಷಧಿ ಒಯ್ಯಬೇಕೆಂಬ ಪಾಠವನ್ನು ಅದು ಕಲಿಸಿದೆ.

ಮುಂದಿನ ವಿಮಾನ

ಮಯಾಮಿ ಬಂದರಿನಿಂದ ಆ ನಗರದ ವಿಮಾನ ನಿಲ್ದಾಣ ಸುಮಾರು 13 ಕಿಲೋಮೀಟರ್ ದೂರ. ಫೋರ್ಟ್ ಲಾಡರ್‌ಡೇಲ್ ನಿಲ್ದಾಣವಾದರೆ 40 ಕಿಲೋಮೀಟರಿಗೂ ಅಧಿಕ. ಒಂದೇ ಬೆಳಗ್ಗೆ ಹಲವು ಹಡಗುಗಳು ಬರುವುದರಿಂದ ಟ್ಯಾಕ್ಸಿಗಾಗಿಯೂ ಕಾಯಬೇಕಾಗುತ್ತದೆ. ಆದ್ದರಿಂದ ಮಧ್ಯಾಹ್ನಕ್ಕಿಂತ ಮೊದಲಿನ ವಿಮಾನಕ್ಕೆ ಟಿಕೆಟ್ ಮಾಡಿಸಬಾರದು. ಭಾರತಕ್ಕೆ ಮರಳುವ ದೀರ್ಘ ಪ್ರಯಾಣವನ್ನು ಅದೇ ದಿನ ಇಟ್ಟುಕೊಳ್ಳದಿರುವುದು ವಿವೇಕ. ಮಂಜು ಮುಸುಕಿದರೆ ಹಡಗು ಹೊರಗೇ ನಿಲ್ಲುತ್ತದೆ, ಚಂಡಮಾರುತ ಬಂದರೆ ದಿನ ತಡವಾಗಿಯೂ ಬರಬಹುದು. 2013ರ ಫೆಬ್ರುವರಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಯಂತ್ರಕೋಣೆಗೆ ಬೆಂಕಿ ಬಿದ್ದಾಗ, ಟೆಕ್ಸಾಸಿನ ಗ್ಯಾಲ್ವೆಸ್ಟನ್‌ಗೆ ಮರಳಬೇಕಾಗಿದ್ದ ಅದನ್ನು ಎಳೆದು ಅಲಬಾಮಾದ ಮೊಬೀಲ್ ಬಂದರಿಗೆ ತರಬೇಕಾಯಿತು. ಪ್ರಯಾಣಿಕರು ಅಲ್ಲಿಂದ ಬಸ್ಸುಗಳಲ್ಲಿ ಹೊರಟರು. ಕಡಲು ನಮ್ಮ ಟಿಕೆಟಿನ ವೇಳೆಗೆ ಬದ್ಧವಲ್ಲ.

ಇಳಿಯುವ ಮುನ್ನ ಒಂದು ಮಾತು

ನಮಗೆ ಪ್ರವಾಸ ಮುಗಿಯುವ ದಿನವೇ ಸಿಬ್ಬಂದಿಗೆ ಅತ್ಯಂತ ದುಡಿಮೆಯ ದಿನ. ಭಾರತ, ಫಿಲಿಪೀನ್ಸ್, ಇಂಡೋನೇಷ್ಯಾ ಮೊದಲಾದ ದೇಶಗಳಿಂದ ಬಂದು ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ದುಡಿಯುವವರು ಅವರು. ನಮ್ಮ ಕರಾವಳಿಯ ಮಂಗಳೂರು, ಉಡುಪಿ, ಕಾರವಾರಗಳ ತರುಣರೂ ಇಂಥ ಹಡಗುಗಳಲ್ಲಿದ್ದಾರೆ. 2013ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ಒಪ್ಪಂದವು ನೌಕರರ ದುಡಿಮೆಗೆ ದಿನಕ್ಕೆ 14 ತಾಸು, ವಾರಕ್ಕೆ 72 ತಾಸುಗಳ ಮೇರೆ ಇಟ್ಟಿದೆ, ಇಲ್ಲವೇ ದಿನಕ್ಕೆ 10 ತಾಸು, ವಾರಕ್ಕೆ 77 ತಾಸುಗಳ ವಿಶ್ರಾಂತಿಯನ್ನು ವಿಧಿಸಿದೆ. ಮೇರೆಯೇ ಇಷ್ಟಿದ್ದರೆ ದುಡಿಮೆ ಎಷ್ಟಿರಬಹುದೆಂದು ವಾಚಕರೇ ಊಹಿಸಬಹುದು. ಕೋಣೆಯನ್ನು ಬಿಡುವಾಗ ಕಸವನ್ನು ಬುಟ್ಟಿಗೆ ಹಾಕಿ, ಬಳಸಿದ ಟವೆಲುಗಳನ್ನು ಒಂದೆಡೆ ಇಟ್ಟು, ಏಳು ದಿನ ಹಾಸಿಗೆ ಹಾಸಿದವನ ಹೆಸರು ಹಿಡಿದು ಕೃತಜ್ಞತೆ ಹೇಳಿ ಹೊರಡುವುದಕ್ಕೆ ಎರಡು ನಿಮಿಷ ಸಾಕು. ಅದಕ್ಕೆ ಡಾಲರ್ ಬೇಕಾಗಿಲ್ಲ.

ಇಳಿದ ಮೇಲೆ ನೆಲವೇ ತೂಗಾಡಿದಂತೆ ಅನಿಸಿದರೆ ಗಾಬರಿಪಡಬೇಕಾಗಿಲ್ಲ. ವಾರವಿಡೀ ಅಲೆಗಳಿಗೆ ಹೊಂದಿಕೊಂಡ ದೇಹವು ಮತ್ತೆ ನೆಲಕ್ಕೆ ಹೊಂದಿಕೊಳ್ಳಲು ಕೆಲವು ತಾಸು, ಹೆಚ್ಚೆಂದರೆ ಒಂದೆರಡು ದಿನ ಬೇಕಾಗುತ್ತದೆ. ಅಷ್ಟರವರೆಗೆ ಹಿರಿಯರು ಮೆಟ್ಟಿಲುಗಳಲ್ಲಿ ಕೈಹಿಡಿಯನ್ನು ಬಿಡದಿರಲಿ. ವಾರಗಳಾದರೂ ಅದು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಕೊನೆಯ ಬೆಳಗಿನ ಹೆಚ್ಚಿನ ಸಂಗತಿಗಳು ನಮ್ಮ ಕೈಯಲ್ಲಿಲ್ಲ. ಅನುಮತಿ ಅಧಿಕಾರಿಯ ಕೈಯಲ್ಲಿ, ವೇಳೆ ಬಂದರಿನ ಕೈಯಲ್ಲಿ, ಹವೆ ಕಡಲಿನ ಕೈಯಲ್ಲಿ. ನಮ್ಮ ಕೈಯಲ್ಲಿ ಉಳಿಯುವುದು ಹಿಂದಿನ ರಾತ್ರಿಯ ಸಿದ್ಧತೆ ಮತ್ತು ಬೆಳಗಿನ ತಾಳ್ಮೆ. ಇವೆರಡಿದ್ದವರು ಹಡಗನ್ನು ಹತ್ತಿದಾಗಿನ ಸಂತೋಷದಲ್ಲಿಯೇ ಇಳಿಯುತ್ತಾರೆ.