ಹೊಸ ಫೋನು ಕೈಕೊಟ್ಟರೆ: ಇಟ್ಟುಕೊಳ್ಳುವುದೇ, ಹಿಂದಿರುಗಿಸುವುದೇ?

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗನಿಗೆ, ಕೊಟ್ಟ ಮಾತಿನಂತೆ ಸ್ಮಾರ್ಟ್‌ಫೋನ್ ಬಂದಿದೆ. ಹಣ ಹೊಂದಿಸಿದ್ದು ಸುಲಭವಾಗಿಯೇನಲ್ಲ. ಅಮ್ಮನ ಚೀಟಿಯಿಂದ ಒಂದಿಷ್ಟು, ಉಳಿದದ್ದು ಅಪ್ಪ ತಿಂಗಳು ತಿಂಗಳು ಕಟ್ಟಬೇಕಾದ ಕಂತು. ಡಬ್ಬ ತೆರೆದ ದಿನ ಮನೆಯಲ್ಲಿ ಹಬ್ಬದ ವಾತಾವರಣ.

ಮೂರನೆಯ ದಿನ ಹುಡುಗನಿಗೆ ಒಂದು ಸಂಗತಿ ತಿಳಿಯುತ್ತದೆ. ಪರದೆಯ ಬಲ ಅಂಚಿನಲ್ಲಿ ಬೆರಳಗಲದ ಜಾಗ ಎಷ್ಟು ಮುಟ್ಟಿದರೂ ಕೆಲಸ ಮಾಡುವುದಿಲ್ಲ. ಒಮ್ಮೆ ಆರಿಸಿ ಹೊತ್ತಿಸಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಹಾಗೆಯೇ. ಹೇಳಿದರೆ ‘ನೀನೇ ಏನೋ ಮಾಡಿರಬೇಕು’ ಎಂಬ ಮಾತು ಬಂದೀತೆಂದು ಅವನು ಹೇಳುವುದಿಲ್ಲ. ಫೋನನ್ನು ಅಡ್ಡ ತಿರುಗಿಸಿಕೊಂಡು ಹೇಗೋ ನಿಭಾಯಿಸುತ್ತಾನೆ. ಹನ್ನೆರಡನೆಯ ದಿನ ಅಮ್ಮ ತನ್ನ ಅಕ್ಕನಿಗೆ ಫೋನು ಮಾಡಲು ಹೋಗಿ, ‘ಇದೇನೋ ಮಗಾ, ಇದು ಒತ್ತೋದೇ ಇಲ್ವಲ್ಲೋ’ ಎನ್ನುತ್ತಾಳೆ. ಗುಟ್ಟು ರಟ್ಟಾಗುತ್ತದೆ. ಅಪ್ಪ ಬಿಲ್ಲು ಹುಡುಕಿ ನೋಡಿದರೆ, ದೋಷವಿದ್ದಲ್ಲಿ ಬದಲಾಯಿಸಿಕೊಡುವ ಅವಧಿ ಏಳೇ ದಿನ. ಐದು ದಿನ ಆಗಲೇ ಮೀರಿದೆ.

ಈ ಮನೆ ಊಹೆಯದ್ದಾದರೂ ಇಲ್ಲಿನ ತಪ್ಪು ಅನೇಕ ಮನೆಗಳಲ್ಲಿ ನಡೆಯುವಂಥದ್ದು. ದೋಷ ಫೋನಿನದು. ಆದರೆ ನಷ್ಟಕ್ಕೆ ದಾರಿ ಮಾಡಿಕೊಟ್ಟದ್ದು ಮನೆಯೊಳಗಿನ ಮೌನ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಹೊಸ ಫೋನಿನ ವಿಷಯದಲ್ಲಿ ಅಕ್ಷರಶಃ ನಿಜ. ಇಲ್ಲಿ ಬಾಗಿಲು ತೆರೆದಿರುವುದು ಕೆಲವೇ ದಿನ.

ಎರಡು ಗಡುವು, ಎರಡು ಭರವಸೆ

ಬಹಳಷ್ಟು ಜನ ‘ಒಂದು ವರ್ಷ ವಾರಂಟಿ ಇದೆಯಲ್ಲ, ಅವಸರವೇನು?’ ಎಂದುಕೊಳ್ಳುತ್ತಾರೆ. ಆದರೆ ವಾರಂಟಿಯೇ ಬೇರೆ, ಹಿಂದಿರುಗಿಸುವ ಅವಕಾಶವೇ ಬೇರೆ. ವಾರಂಟಿ ಕೊಡುವವನು ತಯಾರಕ. ಅದರಲ್ಲಿ ಸಾಮಾನ್ಯವಾಗಿ ದೊರೆಯುವುದು ದುರಸ್ತಿ. ಫೋನನ್ನು ಸರ್ವಿಸ್ ಸೆಂಟರಿಗೆ ಒಯ್ಯಬೇಕು, ಬಿಟ್ಟು ಬರಬೇಕು, ಬಿಡಿಭಾಗ ಬರುವ ತನಕ ಕಾಯಬೇಕು. ಹತ್ತಿರದ ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಿದ್ದರೆ ಹಳ್ಳಿಯಿಂದ ಬರುವವರಿಗೆ ಬಸ್ಸಿನ ಖರ್ಚು, ಒಂದು ದಿನದ ಕೆಲಸ ಎರಡೂ ಹೋದಂತೆ.

ಹಿಂದಿರುಗಿಸುವ ಅಥವಾ ಬದಲಾಯಿಸಿಕೊಳ್ಳುವ ಅವಕಾಶ ಕೊಡುವವನು ಮಾರಾಟಗಾರ. ಅದರ ಅವಧಿ ಚಿಕ್ಕದು. ಅಂತರ್ಜಾಲದ ಮಳಿಗೆಗಳಲ್ಲಿ ಫೋನುಗಳಿಗೆ ಹಲವು ವೇಳೆ ಏಳು ದಿನ, ಅದೂ ಹಣ ವಾಪಸಲ್ಲ, ಅದೇ ಮಾದರಿಯ ಇನ್ನೊಂದು ಫೋನು ಎಂಬ ಕರಾರಿರುತ್ತದೆ. ಪೇಟೆಯ ಅಂಗಡಿಯವರು ಸರ್ವಿಸ್ ಸೆಂಟರಿನತ್ತ ಕೈತೋರಿಸುವುದು ಸಾಮಾನ್ಯ. ಹೊಸ ಫೋನು ಬರುವಾಗಲೇ ದೋಷದಿಂದ ಕೂಡಿತ್ತೆಂದು ಅಲ್ಲಿನವರು ಬರೆದುಕೊಟ್ಟರೆ ಅಂಗಡಿಯಲ್ಲಿ ಬದಲಾಯಿಸಿಕೊಡುವ ಪದ್ಧತಿ ಹಲವು ಕಂಪೆನಿಗಳಲ್ಲಿದೆ. ಇದಕ್ಕೂ ಗಡುವುಂಟು. ಆದ್ದರಿಂದ ಫೋನು ಕೊಂಡ ದಿನವೇ ಬಿಲ್ಲಿನ ಹಿಂದೆ ಏನಿದೆ, ಕೊನೆಯ ದಿನ ಯಾವುದು ಎಂಬುದನ್ನು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಜಾಣತನ.

ಮೂರು ಫೋನುಗಳ ಪಾಠ

ಎಲ್ಲ ದೋಷಗಳೂ ಒಂದೇ ಬಗೆಯವಲ್ಲ. ಜಗತ್ತಿನ ದೊಡ್ಡ ಕಂಪೆನಿಗಳ ದುಬಾರಿ ಫೋನುಗಳೇ ಇದಕ್ಕೆ ಸಾಕ್ಷಿ.

2010ರ ಜೂನಿನಲ್ಲಿ ಬಂದ ಐಫೋನ್ 4ರ ಅಂಚಿನ ಉಕ್ಕಿನ ಪಟ್ಟಿಯೇ ಅದರ ಆಂಟೆನಾ ಆಗಿತ್ತು. ಎಡಗಡೆಯ ಕೆಳಮೂಲೆಯನ್ನು ಅಂಗೈ ಮುಚ್ಚಿದರೆ ಸಿಗ್ನಲ್ ಕುಸಿಯುತ್ತಿತ್ತು. ಆ ವರ್ಷದ ಜುಲೈನಲ್ಲಿ ಆಪಲ್ ಕಂಪೆನಿ ಕೊಂಡವರಿಗೆ ಉಚಿತವಾಗಿ ಹೊರಕವಚ ಕೊಡುವುದಾಗಿ ಘೋಷಿಸಿತು. ಅದರಿಂದಲೂ ಸಮಾಧಾನವಾಗದವರು 30 ದಿನದೊಳಗೆ ಫೋನು ಮರಳಿಸಿ ಪೂರ್ತಿ ಹಣ ಪಡೆಯಬಹುದೆಂದೂ ಹೇಳಿತು. ಇದು ವಿನ್ಯಾಸದ ದೋಷ. ಹೊಂದಿಕೊಂಡು ಹೋಗಬಹುದು, ಬೇಡವೆಂದರೆ ಮರಳಿಸಬಹುದು.

2016ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರದು ಬೇರೆಯೇ ಕಥೆ. ಅದರ ಬ್ಯಾಟರಿಗಳು ಹೊತ್ತಿ ಉರಿದವು. ಸೆಪ್ಟೆಂಬರಿನಲ್ಲಿ ಕಂಪೆನಿ ಸುಮಾರು 25 ಲಕ್ಷ ಫೋನುಗಳನ್ನು ಬದಲಾಯಿಸಿಕೊಡಲು ಮುಂದಾಯಿತು. ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡಾಗ ಅಕ್ಟೋಬರಿನಲ್ಲಿ ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಭಾರತದಲ್ಲಿ ಮಾರಾಟ ಆರಂಭವಾಗಿರಲಿಲ್ಲ. ಆದರೂ ವಿಮಾನಗಳಲ್ಲಿ ಅದನ್ನು ಬಳಸಬಾರದೆಂದು ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಎಚ್ಚರಿಕೆ ನೀಡಿತ್ತು. ಎರಡು ಕಡೆಯಿಂದ ಬಂದ ಬ್ಯಾಟರಿಗಳಲ್ಲಿ ಬೇರೆ ಬೇರೆ ದೋಷಗಳಿದ್ದವೆಂದು 2017ರ ಜನವರಿಯಲ್ಲಿ ಕಂಪೆನಿಯೇ ತಿಳಿಸಿತು. ಇಂಥ ದೋಷಕ್ಕೆ ಕಾಯುವ ಮಾತೇ ಇಲ್ಲ.

ಮೂರನೆಯದು 2023ರ ಸೆಪ್ಟೆಂಬರಿನ ಐಫೋನ್ 15 ಪ್ರೊ. ಅದು ವಿಪರೀತ ಬಿಸಿಯಾಗುತ್ತದೆಂಬ ದೂರು ಎದ್ದಿತು. ತಂತ್ರಾಂಶದ ಒಂದು ದೋಷ ಹಾಗೂ ಕೆಲವು ಆ್ಯಪ್‌ಗಳು ಅದಕ್ಕೆ ಕಾರಣವೆಂದು ಕಂಪೆನಿ ಹೇಳಿತು. ಅಕ್ಟೋಬರ್ ಆರಂಭದಲ್ಲಿ ತಿದ್ದುಪಡಿಯ ತಂತ್ರಾಂಶವನ್ನೂ ಕಳುಹಿಸಿತು. ಫೋನು ಬದಲಾಯಿಸಬೇಕಾಗಲಿಲ್ಲ.

ಒಂದು ಹೊಂದಿಕೊಳ್ಳಬಹುದಾದ ದೋಷ, ಒಂದು ಕೈಬಿಡಲೇಬೇಕಾದ ದೋಷ, ಒಂದು ತಾನಾಗಿ ಸರಿಹೋಗಬಲ್ಲ ದೋಷ. ತಮ್ಮ ಕೈಯಲ್ಲಿರುವ ಫೋನಿನದು ಇವುಗಳಲ್ಲಿ ಯಾವುದೆಂದು ಕಂಡುಕೊಂಡರೆ ತೀರ್ಮಾನ ಅರ್ಧ ಮುಗಿದಂತೆ.

ಮನೆಯಲ್ಲೇ ಪರೀಕ್ಷೆ

ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಹೈಸ್ಕೂಲಿನ ವಿಜ್ಞಾನದ ಪ್ರಯೋಗದಲ್ಲಿ ಕಲಿತ ಪಾಠ ಸಾಕು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದು.

ಕರೆ ಕಡಿದು ಹೋಗುತ್ತಿದ್ದರೆ ಸಿಮ್ಮನ್ನು ಅದೇ ಜಾಗದಲ್ಲಿ ಇನ್ನೊಂದು ಫೋನಿಗೆ ಹಾಕಿ ನೋಡಬೇಕು. ಅಲ್ಲಿಯೂ ಕಡಿದರೆ ತಪ್ಪು ಫೋನಿನದಲ್ಲ. ಚಾರ್ಜ್ ಆಗದಿದ್ದರೆ ಬೇರೆ ಕೇಬಲ್ಲು, ಬೇರೆ ಪ್ಲಗ್ಗು. ಪರದೆ ಮುಟ್ಟಿದ್ದಕ್ಕೆ ಸ್ಪಂದಿಸದಿದ್ದರೆ, ಮೇಲೆ ಅಂಟಿಸಿದ ಗಾಜಿನ ಹಾಳೆಯನ್ನು ತೆಗೆದು, ಯಾವುದಾದರೊಂದು ಐಕಾನನ್ನು ಬೆರಳಿನಿಂದ ಎಳೆದುಕೊಂಡು ಪರದೆಯ ಮೂಲೆ ಮೂಲೆಗೂ ಒಯ್ಯಬೇಕು. ಕೈಜಾರುವ ಜಾಗ ತಾನೇ ಗೊತ್ತಾಗುತ್ತದೆ.

ಫೋನು ಪದೇ ಪದೇ ಸ್ತಬ್ಧವಾಗುತ್ತಿದ್ದರೆ ಆಂಡ್ರಾಯ್ಡ್ ಫೋನುಗಳಲ್ಲಿ ‘ಸೇಫ್ ಮೋಡ್’ ಎಂಬ ಸೌಲಭ್ಯವಿದೆ. ಅದರಲ್ಲಿ ಫೋನು ಹೊತ್ತಿಸಿದಾಗ ನಾವು ಹಾಕಿಕೊಂಡ ಆ್ಯಪ್‌ಗಳು ಕೆಲಸ ಮಾಡುವುದಿಲ್ಲ. ಅಲ್ಲಿ ಎಲ್ಲ ಸರಿಯಿದ್ದರೆ ತಪ್ಪು ಯಾವುದೋ ಆ್ಯಪ್‌ನದು. ಅಲ್ಲಿಯೂ ಅದೇ ತೊಂದರೆಯೆಂದರೆ ದೋಷ ಫೋನಿನದೇ ಇರಬೇಕೆಂಬ ಅನುಮಾನ ಗಟ್ಟಿಯಾಗುತ್ತದೆ. ಆಗ ತಂತ್ರಾಂಶವನ್ನು ಹೊಸದು ಮಾಡಿ, ಬಳಿಕ ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿ ಒಮ್ಮೆ ನೋಡಬಹುದು.

ಬಿಸಿಯ ವಿಷಯದಲ್ಲಿ ಕೊಂಚ ತಾಳ್ಮೆ ಬೇಕು. ಮೊದಲ ಒಂದೆರಡು ದಿನ ಫೋನು ಹಳೆಯ ಚಿತ್ರ, ಸಂದೇಶ, ಆ್ಯಪ್‌ಗಳನ್ನೆಲ್ಲ ಇಳಿಸಿಕೊಳ್ಳುತ್ತಿರುತ್ತದೆ. ಆಗ ಬೆಚ್ಚಗಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಹಜ. ಆ ಮೇಲೂ ಸುಮ್ಮನೆ ಮೇಜಿನ ಮೇಲಿಟ್ಟಾಗ ಬಿಸಿಯಾದರೆ ಅದು ದೋಷ.

ಇನ್ನೊಂದು ಪರೀಕ್ಷೆಯನ್ನು ಎಲ್ಲರೂ ಮಾಡಬೇಕು. *#06# ಒತ್ತಿದರೆ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಡಬ್ಬದ ಮೇಲಿನ ಹಾಗೂ ಬಿಲ್ಲಿನಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ತೆರಪು, ಬಳಿಕ ಆ ಸಂಖ್ಯೆ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಅದು ಯಾವ ಕಂಪೆನಿಯ ಯಾವ ಮಾದರಿಯೆಂದು ಉತ್ತರ ಬರುತ್ತದೆ. ತಾಳೆಯಾಗದಿದ್ದರೆ ಮಾರಾಟಗಾರನನ್ನು ಕೂಡಲೇ ಕೇಳಬೇಕು.

ತೀರ್ಮಾನ ಹೇಗೆ?

ಬ್ಯಾಟರಿ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಯೋಚಿಸುವುದೇನೂ ಇಲ್ಲ. ಫೋನನ್ನು ಆರಿಸಿ, ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಹಾಸಿಗೆ ಬಟ್ಟೆಗಳಿಂದ ದೂರವಿಟ್ಟು ಮಾರಾಟಗಾರನಿಗೆ ತಿಳಿಸಬೇಕು.

ಪರದೆ, ಕ್ಯಾಮೆರಾ, ಮೈಕು, ಸ್ಪೀಕರು, ಚಾರ್ಜಿಂಗ್ ಕಿಂಡಿ ಇವುಗಳಲ್ಲಿ ಮೇಲಿನ ಪರೀಕ್ಷೆಗಳ ನಂತರವೂ ಉಳಿಯುವ ದೋಷವಿದ್ದರೆ ಹಿಂದಿರುಗಿಸುವುದೇ ಲೇಸು. ಇಂಥವು ತಾವಾಗಿ ವಾಸಿಯಾಗುವುದು ಅಪರೂಪ. ‘ಯಾವಾಗಲೋ ಒಮ್ಮೆ ಆಗುತ್ತೆ, ಪರವಾಗಿಲ್ಲ’ ಎಂಬ ಸಮಾಧಾನ ಕೊಂಡ ಮೊದಲ ವಾರದಲ್ಲಿ ಸಲ್ಲದು.

ತಂತ್ರಾಂಶದ ದೋಷವೆಂದು ತೋರಿದರೆ ತಿದ್ದುಪಡಿಗಾಗಿ ಕಾಯಬಹುದು. ಆದರೆ ಮೊದಲು ದೂರು ದಾಖಲಿಸಿ ಆಮೇಲೆ ಕಾಯಬೇಕು. ದೂರಿನ ಸಂಖ್ಯೆ ಕೈಯಲ್ಲಿದ್ದರೆ, ಅವಧಿಯೊಳಗೇ ತಿಳಿಸಿದ್ದೆವು ಎಂಬುದಕ್ಕೆ ಪುರಾವೆ ಇರುತ್ತದೆ.

ಇನ್ನು ‘ಗೆಳೆಯನ ಫೋನಿನ ಕ್ಯಾಮೆರಾ ಇದಕ್ಕಿಂತ ಚೆನ್ನಾಗಿದೆ’ ಎಂಬುದು ದೋಷವಲ್ಲ, ನಿರಾಸೆ. ಮನಸ್ಸು ಬದಲಾಯಿತೆಂಬ ಕಾರಣಕ್ಕೆ ವಸ್ತುವನ್ನು ವಾಪಸು ಪಡೆಯಲೇಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ವಿದ್ಯಾರ್ಥಿಗಳು ತಮ್ಮಷ್ಟಕ್ಕೆ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಕಾನೂನು ಯಾರ ಪರ?

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿನಲ್ಲಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂತರ್ಜಾಲದ ಮಳಿಗೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದುದನ್ನು ಒಪ್ಪಿಕೊಂಡು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಫೋನು ದೆಹಲಿಯ ಮಾರಾಟಗಾರನಿಂದ ಬಂದಿದ್ದರೂ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಬಿಲ್ಲು ಅಪ್ಪನ ಹೆಸರಿನಲ್ಲಿದ್ದರೂ ಅವರ ಒಪ್ಪಿಗೆಯಿಂದ ಬಳಸುವ ಮಗಳು ಕಾನೂನಿನ ಕಣ್ಣಿನಲ್ಲಿ ಗ್ರಾಹಕಳೇ. ಅವಳು ಅಪ್ರಾಪ್ತ ವಯಸ್ಕಳಾದರೆ ತಂದೆ ಅಥವಾ ತಾಯಿ ದೂರು ಸಲ್ಲಿಸಬಹುದು.

ಆದರೆ ಆಯೋಗದ ದಾರಿ ಉದ್ದವಾದದ್ದು, ತಿಂಗಳುಗಟ್ಟಲೆ ಹಿಡಿಯುವಂಥದ್ದು. ಮೊದಲ ವಾರದಲ್ಲಿ ಒಂದು ಫೋನು ಕರೆಯಿಂದ ಆಗಬಹುದಾದ ಕೆಲಸಕ್ಕೆ ಅಷ್ಟು ದೂರ ನಡೆಯಬೇಕೇಕೆ?

ಒಪ್ಪಿಸುವ ಮುನ್ನ

ದೋಷ ಕಾಣಿಸಿಕೊಂಡಾಗ ಇನ್ನೊಂದು ಫೋನಿನಿಂದ ಅದರ ವೀಡಿಯೊ ತೆಗೆದಿಟ್ಟುಕೊಳ್ಳಬೇಕು. ಅಂಗಡಿಯವನ ಎದುರು ಫೋನು ಸಭ್ಯವಾಗಿ ವರ್ತಿಸುವುದುಂಟು. ಡಬ್ಬ, ಕೇಬಲ್ಲು, ಕಾಗದಗಳಲ್ಲಿ ಒಂದನ್ನೂ ಎಸೆಯಬಾರದು. ಫೋನನ್ನು ಒಪ್ಪಿಸುವ ಮೊದಲು ಚಿತ್ರ ಮತ್ತು ಟಿಪ್ಪಣಿಗಳ ನಕಲು ತೆಗೆದು, ಸಿಮ್ಮು ಹೊರತೆಗೆದು, ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ಉಳಿದದ್ದನ್ನೆಲ್ಲ ಅಳಿಸಬೇಕು. ಖಾತೆಯಿಂದ ಹೊರಬರದೆ ಅಳಿಸಿದರೆ ಫೋನು ಬೀಗ ಹಾಕಿಕೊಳ್ಳುತ್ತದೆ, ವಾಪಸು ಪಡೆಯುವವರು ತಕರಾರು ತೆಗೆಯಬಹುದು. ಕೊಟ್ಟದ್ದಕ್ಕೆ ರಸೀದಿ ಪಡೆಯದೆ ಬರಬಾರದು. ಕಂತಿನಲ್ಲಿ ಕೊಂಡಿದ್ದರೆ, ಹಣ ವಾಪಸಾದಾಗ ಸಾಲವೂ ರದ್ದಾಯಿತೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಮನೆಯದು. ಫೋನು ತಂದ ದಿನವೇ ತಂದೆತಾಯಿ ಒಂದು ಮಾತು ಹೇಳಿಬಿಟ್ಟರೆ ಸಾಕು: ‘ಏನಾದರೂ ಸರಿಯಿಲ್ಲ ಅನ್ನಿಸಿದರೆ ಅವತ್ತೇ ಹೇಳು, ಬೈಯುವುದಿಲ್ಲ.’ ಕೆಳಗೆ ಬಿದ್ದು ಕೆಟ್ಟಿದ್ದರೆ ಮಕ್ಕಳೂ ಅದನ್ನು ಮುಚ್ಚಿಡದೆ ಹೇಳಬೇಕು. ಬಿದ್ದ ಫೋನನ್ನು ಕಂಪೆನಿಯ ದೋಷವೆಂದು ಸಾಧಿಸಲು ಹೊರಡುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಆರಂಭದಲ್ಲಿ ಕಂಡ ಮನೆಯಲ್ಲಿ ಆ ಹುಡುಗ ಮೂರನೆಯ ದಿನ ಸಂಜೆ, ‘ಅಪ್ಪಾ, ಇಲ್ಲಿ ಸ್ವಲ್ಪ ನೋಡಿ, ಈ ಜಾಗ ಕೆಲಸ ಮಾಡ್ತಿಲ್ಲ’ ಎಂದಿದ್ದರೆ, ಅಪ್ಪನೂ ಸಿಡುಕದೆ ಕನ್ನಡಕ ಹಾಕಿಕೊಂಡು ಬಿಲ್ಲು ತೆಗೆದಿದ್ದರೆ, ಇನ್ನೂ ನಾಲ್ಕು ದಿನ ಕೈಯಲ್ಲಿದ್ದವು. ಒಂದು ಫೋನು ಬದಲಾಯಿಸಿಕೊಳ್ಳಲು ಅಷ್ಟು ಸಾಕಾಗುತ್ತಿತ್ತು.