ರಂಗ ರೆಡಿ ಇದೆ, ನಾಟಕ ನಮ್ಮದಾಗಬೇಕು: ಸಿಂಗಲ್ ಪೇಜ್ ಆ್ಯಪ್ ಟೆಂಪ್ಲೇಟ್ ಶುರು ಮಾಡೋದು ಹೇಗೆ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಎಲ್ಲಾ ವಾಟ್ಸ್ಆ್ಯಪ್ ಗ್ರೂಪ್‌ನಲ್ಲೂ ಒಂದೇ ಮಾತು: "ಲೋ, ಯಾವುದಾದ್ರೂ ಟೆಂಪ್ಲೇಟ್ ಇದ್ರೆ ಕಳ್ಸೋ." ಟೆಂಪ್ಲೇಟ್ ಬರುತ್ತೆ, ಹೆಸರು ಬದಲಾಗುತ್ತೆ, ಬಣ್ಣ ಬದಲಾಗುತ್ತೆ, ರಿಪೋರ್ಟ್ ಬೈಂಡಿಂಗ್‌ಗೆ ಹೋಗುತ್ತೆ. ಆಮೇಲೆ ವೈವಾದಲ್ಲಿ "ಈ ಫೈಲ್ ಏನು ಮಾಡುತ್ತಪ್ಪಾ?" ಅಂತ ಕೇಳಿದ್ರೆ ಟೀಮಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೋಬೇಕು. ಟೆಂಪ್ಲೇಟ್ ಬಳಸೋದು ತಪ್ಪಲ್ಲ, ಕಂಪನಿಗಳಲ್ಲೂ ಎಲ್ಲರೂ ಬಳಸುತ್ತಾರೆ. ಆದರೆ ಅದರೊಳಗೆ ಏನಿದೆ ಅಂತ ಗೊತ್ತಿಲ್ಲದೆ ಅದು ನಮ್ಮ ಪ್ರಾಜೆಕ್ಟ್ ಆಗೋದಿಲ್ಲ. ಈ ಲೇಖನದಲ್ಲಿ ನಾವು ಒಂದು ಟೆಂಪ್ಲೇಟ್ ಬಿಚ್ಚಿ, ಒಂದೊಂದೇ ಭಾಗ ನೋಡಿ, ಅದರ ಮೇಲೆ ನಮ್ಮ ಜಿಲ್ಲೆಗೆ ಬೇಕಾದ ಒಂದು ಪುಟ್ಟ ಆ್ಯಪ್ ಕಟ್ಟೋಣ.

ಒಂದೇ ರಂಗ, ಬೇರೆ ಬೇರೆ ಪರದೆ

ಸಿಂಗಲ್ ಪೇಜ್ ಆ್ಯಪ್ ಅಂದ್ರೇನು ಅಂತ ಹೇಳೋಕೆ ನಮ್ಮ ಗುಬ್ಬಿಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಕಂಪನಿ ನಾಟಕದಲ್ಲಿ ಅರಮನೆ ಆದಮೇಲೆ ಕಾಡು ಬರಬೇಕಾದ್ರೆ ಪ್ರೇಕ್ಷಕರನ್ನು ಎಬ್ಬಿಸಿ ಇನ್ನೊಂದು ಥಿಯೇಟರ್‌ಗೆ ಕಳಿಸೋದಿಲ್ಲ. ಅರಮನೆಯ ಪರದೆ ಮೇಲೆ ಹೋಗುತ್ತೆ, ಕಾಡಿನ ಪರದೆ ಕೆಳಗೆ ಬರುತ್ತೆ. ರಂಗ ಅದೇ, ಕುರ್ಚಿ ಅದೇ.

ಹಳೇ ಥರದ ವೆಬ್‌ಸೈಟ್‌ನಲ್ಲಿ ಪ್ರತಿ ಲಿಂಕ್ ಒತ್ತಿದಾಗಲೂ ಬ್ರೌಸರ್ ಸರ್ವರ್‌ಗೆ ಹೋಗಿ ಪೂರ್ತಿ ಹೊಸ ಪುಟ ತರುತ್ತೆ. ಸಿಂಗಲ್ ಪೇಜ್ ಆ್ಯಪ್‌ನಲ್ಲಿ ಪುಟ ಬರೋದು ಒಂದೇ ಸಲ. ಆಮೇಲೆ ಜಾವಾಸ್ಕ್ರಿಪ್ಟ್ ಪರದೆ ಬದಲಾಯಿಸುತ್ತೆ, ಬೇಕಾದ ಮಾಹಿತಿಯನ್ನಷ್ಟೇ ಸರ್ವರ್‌ನಿಂದ ತರುತ್ತೆ. 2004ರಲ್ಲಿ ಬಂದ ಜಿಮೇಲ್, 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಈ ದಾರಿಯನ್ನು ಜನಪ್ರಿಯ ಮಾಡಿದವು.

ಯಾವ ಟೆಂಪ್ಲೇಟ್ ಹಿಡಿಯೋದು?

ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಇವತ್ತಿಗೂ 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಬಳಸಿ ಅಂತ ಹೇಳೋ ವಿಡಿಯೋಗಳು ಸಾಕಷ್ಟು ಸಿಗ್ತವೆ. 2016ರಲ್ಲಿ ಅದು ಬಂದಾಗ ದೊಡ್ಡ ಉಪಕಾರವೇ ಆಗಿತ್ತು. ಆದರೆ 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ "ಹೊಸ ಆ್ಯಪ್‌ಗೆ ಇದು ಬೇಡ" ಅಂತ ಹೇಳಿಬಿಟ್ಟಿದೆ. ಹಾಗಾಗಿ ವಿಡಿಯೋ ನೋಡೋ ಮುಂಚೆ ಅದರ ತಾರೀಖು ನೋಡಿ. ನಾವು ಇಲ್ಲಿ ಹಿಡಿಯೋದು ವೀಟ್. 'ವ್ಯೂ' ಬರೆದ ಇವಾನ್ ಯೂ ಅವರೇ 2020ರಲ್ಲಿ ಇದನ್ನೂ ಶುರು ಮಾಡಿದ್ರು. 'ವೈಟ್' ಅಲ್ಲ, 'ವೀಟ್'. ಫ್ರೆಂಚ್‌ನಲ್ಲಿ ಬೇಗ ಅಂತ ಅರ್ಥ.

ಮೊದಲು ನೋಡ್ ಜೆಎಸ್ ಹಾಕ್ಕೊಳ್ಳಿ. ವೀಟ್ 7ಕ್ಕೆ ನೋಡ್ 20.19 ಅಥವಾ 22.12, ಇಲ್ಲವೇ ಅದಕ್ಕಿಂತ ಹೊಸದು ಬೇಕು. ಲ್ಯಾಬ್ ಸಿಸ್ಟಮ್‌ಗಳಲ್ಲಿ ಹಳೇದು ಇರಬಹುದು, ಅದನ್ನು ಮೊದಲೇ ಚೆಕ್ ಮಾಡಿದ್ರೆ ಅರ್ಧ ದಿನ ಉಳಿಯುತ್ತೆ. ಆಮೇಲೆ ಟರ್ಮಿನಲ್‌ನಲ್ಲಿ 'ಎನ್‌ಪಿಎಂ ಕ್ರಿಯೇಟ್ ವೀಟ್ ಅಟ್ ಲೇಟೆಸ್ಟ್' ಕೊಡಿ. (ಕಮಾಂಡ್‌ಗಳನ್ನು ಓದೋ ಹಾಗೆ ಬರೆದಿದ್ದೇವೆ. ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ, 'ಅಟ್' ಅಂದ ಕಡೆ ಈಮೇಲ್‌ನಲ್ಲಿ ಬರೋ ಅದೇ ಚಿಹ್ನೆ.) ಪ್ರಾಜೆಕ್ಟ್ ಹೆಸರು ಕೇಳುತ್ತೆ, ಯಾವ ಫ್ರೇಮ್‌ವರ್ಕ್ ಅಂತ ಕೇಳುತ್ತೆ. ರಿಯಾಕ್ಟ್, ಜಾವಾಸ್ಕ್ರಿಪ್ಟ್ ಆರಿಸಿ. ಆ ಫೋಲ್ಡರ್ ಒಳಗೆ ಹೋಗಿ 'ಎನ್‌ಪಿಎಂ ಇನ್‌ಸ್ಟಾಲ್', ನಂತರ 'ಎನ್‌ಪಿಎಂ ರನ್ ಡೆವ್'. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 5173 ತೆರೆದ್ರೆ ಲೋಗೋಗಳು, ಒತ್ತಿದಾಗ ಒಂದೊಂದೇ ಎಣಿಸೋ ಒಂದು ಬಟನ್ ಕಾಣುತ್ತೆ. ರಂಗ ರೆಡಿ.

ಯಾರು ಯಾವ ಹಗ್ಗ ಎಳೀತಾರೆ?

ಈಗ ಫೋಲ್ಡರ್ ನೋಡೋಣ. ಫೈಲ್ ಜಾಸ್ತಿ ಅಂತ ಗಾಬರಿ ಬೇಡ, ಮುಖ್ಯವಾದವು ಐದೇ.

'ಇಂಡೆಕ್ಸ್ ಎಚ್‌ಟಿಎಂಎಲ್' ನಮ್ಮ ರಂಗ. ಒಳಗೆ 'ರೂಟ್' ಅನ್ನೋ ಐಡಿ ಇರೋ ಒಂದು ಖಾಲಿ ಡಿವ್ ಇದೆ. ಇಡೀ ಆ್ಯಪ್ ಬಂದು ಕೂರೋದು ಅದರೊಳಗೆ.

'ಮೇನ್ ಜೆಎಸ್‌ಎಕ್ಸ್' ಪರದೆ ಎತ್ತೋನು. ಆ ರೂಟ್ ಹುಡುಕಿ ನಮ್ಮ ಆ್ಯಪ್ ಅನ್ನು ಅದಕ್ಕೆ ಜೋಡಿಸುತ್ತೆ, ಅಷ್ಟೇ ಇದರ ಕೆಲಸ. ಇಲ್ಲಿ 'ಸ್ಟ್ರಿಕ್ಟ್ ಮೋಡ್' ಅಂತ ಒಂದಿದೆ. ಡೆವಲಪ್ ಮಾಡುವಾಗ ಕನ್ಸೋಲ್‌ನಲ್ಲಿ ಒಂದೇ ಸಾಲು ಎರಡು ಸಲ ಬಂದ್ರೆ ತಲೆ ಕೆಡಿಸ್ಕೋಬೇಡಿ. ತಪ್ಪು ಬೇಗ ಸಿಗಲಿ ಅಂತ ಅದೇ ಬೇಕಂತ ಎರಡು ಸಲ ಓಡಿಸುತ್ತೆ.

'ಆ್ಯಪ್ ಜೆಎಸ್‌ಎಕ್ಸ್' ನಾಟಕ. ನಾವು ಬರೆಯೋದು ಇಲ್ಲಿ.

'ಪ್ಯಾಕೇಜ್ ಜೇಸನ್' ಸಾಮಾನಿನ ಪಟ್ಟಿ. ಯಾವ ಲೈಬ್ರರಿ ಬೇಕು, 'ಡೆವ್', 'ಬಿಲ್ಡ್' ಅಂದ್ರೆ ಏನು ಓಡಬೇಕು ಅನ್ನೋದು ಇಲ್ಲಿರುತ್ತೆ.

'ನೋಡ್ ಮಾಡ್ಯೂಲ್ಸ್' ಫೋಲ್ಡರ್ ಆ ಪಟ್ಟಿ ನೋಡಿ ತಂದ ಸಾಮಾನು. ಒಳಗೆ ಸಾವಿರಾರು ಫೈಲ್. ದಯವಿಟ್ಟು ಇದನ್ನು ಪೆನ್‌ಡ್ರೈವ್‌ನಲ್ಲಿ ಫ್ರೆಂಡ್‌ಗೆ ಕೊಡಬೇಡಿ. ಪಟ್ಟಿ ಮತ್ತು ಅದರ ಜೊತೆಗಿನ ಲಾಕ್ ಫೈಲ್ ಕೊಟ್ಟರೆ ಸಾಕು, 'ಎನ್‌ಪಿಎಂ ಇನ್‌ಸ್ಟಾಲ್' ಅಂದ್ರೆ ಅವರ ಹತ್ರಾನೂ ಅದೇ ಸಾಮಾನು ಬರುತ್ತೆ. ಗಿಟ್‌ಗೆ ಹೋಗದ ಹಾಗೆ ಟೆಂಪ್ಲೇಟೇ ಗಿಟ್‌ಇಗ್ನೋರ್ ಫೈಲ್‌ನಲ್ಲಿ ತಡೆದಿರುತ್ತೆ.

ಮೂರು ಊರಿನ ಆ್ಯಪ್

ಈಗ ಲೋಗೋ, ಎಣಿಸೋ ಬಟನ್ ಎಲ್ಲಾ ಅಳಿಸಿ. ಹೆದರಬೇಡಿ, ಅದು ಬರೀ ಸ್ಯಾಂಪಲ್. ನಮ್ಮ ಕ್ಲಾಸ್‌ಗಳಲ್ಲಿ ಗುಬ್ಬಿಯಿಂದ, ಕುಣಿಗಲ್‌ನಿಂದ ದಿನಾ ಓಡಾಡೋರು ಎಷ್ಟು ಜನ ಇಲ್ಲ? ಅವರಿಗೆ "ಮುಂದಿನ ಬಸ್ ಎಷ್ಟೊತ್ತಿಗೆ?" ಅಂತ ಹೇಳೋ ಆ್ಯಪ್ ಮಾಡೋಣ. ಬಸ್ ಸ್ಟ್ಯಾಂಡ್‌ಗೆ ಹೋಗಿ ಸಮಯ ಕೇಳಿ ಬರೆದುಕೊಂಡು ಬಂದು ಒಂದು ಜೇಸನ್ ಫೈಲ್‌ನಲ್ಲಿ ಇಡಿ. ಆ ದತ್ತಾಂಶ ನಿಮ್ಮದೇ ಆಗಿರುತ್ತೆ, ಯಾವ ಟೆಂಪ್ಲೇಟ್‌ನಲ್ಲೂ ಸಿಗಲ್ಲ.

'ಊರು' ಅಂತ ಒಂದೇ ಕಾಂಪೊನೆಂಟ್ ಬರೆಯಿರಿ. ತುಮಕೂರು, ಗುಬ್ಬಿ, ಕುಣಿಗಲ್ ಮೂರಕ್ಕೂ ಅದೇ ಸಾಕು, ಒಳಗೆ ಹೋಗೋ ಮಾಹಿತಿ ಮಾತ್ರ ಬೇರೆ. ಒಳಗೆ ಕಳಿಸೋ ಆ ಮಾಹಿತಿಯನ್ನೇ 'ಪ್ರಾಪ್ಸ್' ಅನ್ನೋದು. ಯಾವ ಊರು ಆರಿಸಿದ್ದಾರೆ ಅನ್ನೋದನ್ನು ನೆನಪಿಟ್ಟುಕೊಳ್ಳೋದು 'ಸ್ಟೇಟ್'. ಗುಬ್ಬಿಗೆ ತುಮಕೂರು–ಅರಸೀಕೆರೆ ಮಾರ್ಗದಲ್ಲಿ ರೈಲೂ ಇದೆ, ಆದ್ರೆ ಕುಣಿಗಲ್‌ನಿಂದ ತುಮಕೂರಿಗೆ ನೇರ ರೈಲಿಲ್ಲ. ಹಾಗಾಗಿ ರೈಲಿನ ಮಾಹಿತಿ ಇದ್ದರೆ ಮಾತ್ರ ಆ ಪಟ್ಟಿ ತೋರಿಸು ಅಂತ ಒಂದು ಷರತ್ತು ಹಾಕಬೇಕು. ಪ್ರಾಪ್ಸ್, ಸ್ಟೇಟ್, ಷರತ್ತು: ರಿಯಾಕ್ಟ್‌ನ ಅರ್ಧ ಪಾಠ ಇಲ್ಲೇ ಮುಗೀತು.

ಇನ್ನೆರಡು ಸಣ್ಣ ಕೆಲಸ ಇಂಡೆಕ್ಸ್ ಫೈಲ್‌ನಲ್ಲಿ. ಒಂದು, ಟೆಂಪ್ಲೇಟ್‌ನಲ್ಲಿ ಪುಟದ ಭಾಷೆ 'ಇಎನ್' ಅಂತ ಇರುತ್ತೆ. ಆ್ಯಪ್ ಕನ್ನಡದಲ್ಲಿದ್ದರೆ 'ಕೆಎನ್' ಮಾಡಿ. ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತಿಳಿಯೋದು ಇದರಿಂದಲೇ. ಎರಡು, ಸಿಂಗಲ್ ಪೇಜ್ ಆ್ಯಪ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೋವರೆಗೂ ಪರದೆ ಬೆಳ್ಳಗೆ ಖಾಲಿ ಇರುತ್ತೆ. ಸಿಗ್ನಲ್ ಸರಿಯಿಲ್ಲದ ಕಡೆ ಬಸ್ಸಿನಲ್ಲಿ ನಿಂತವರಿಗೆ ಅದು ಕೆಟ್ಟುಹೋದ ಸೈಟ್ ಥರ ಕಾಣುತ್ತೆ. ಆ ಖಾಲಿ ಡಿವ್ ಒಳಗೆ "ಲೋಡ್ ಆಗ್ತಿದೆ, ಸ್ವಲ್ಪ ತಾಳಿ" ಅಂತ ಒಂದು ಸಾಲು ಬರೆದಿಡಿ. ರಿಯಾಕ್ಟ್ ಬಂದ ತಕ್ಷಣ ಅದನ್ನು ತೆಗೆದು ನಿಜವಾದ ಪುಟ ಹಾಕುತ್ತೆ.

ರಿಫ್ರೆಶ್ ಮಾಡಿದ್ರೆ 404!

ಬರೀ ಸ್ಟೇಟ್‌ನಿಂದ ಊರು ಬದಲಾಯಿಸಿದ್ರೆ ಮೇಲಿನ ವಿಳಾಸ ಬದಲಾಗಲ್ಲ. ಬ್ಯಾಕ್ ಒತ್ತಿದ್ರೆ ಆ್ಯಪ್‌ನಿಂದಲೇ ಹೊರಗೆ! ಅದಕ್ಕೆ 'ರಿಯಾಕ್ಟ್ ರೂಟರ್' ಹಾಕ್ತಾರೆ. ಇದು ಟೆಂಪ್ಲೇಟ್‌ನಲ್ಲಿ ಬರಲ್ಲ, ಬೇರೆ ಇನ್‌ಸ್ಟಾಲ್ ಮಾಡಬೇಕು.

ಆಮೇಲೆ 'ಎನ್‌ಪಿಎಂ ರನ್ ಬಿಲ್ಡ್' ಅಂದ್ರೆ 'ಡಿಸ್ಟ್' ಅನ್ನೋ ಫೋಲ್ಡರ್ ಸಿಗುತ್ತೆ. ಇಂಟರ್ನೆಟ್‌ಗೆ ಏರಿಸೋದು ಅದನ್ನೇ. ಗಿಟ್‌ಹಬ್ ಪೇಜಸ್‌ಗೆ ಹಾಕಿ, ಗುಬ್ಬಿ ಪುಟದಲ್ಲಿ ರಿಫ್ರೆಶ್ ಒತ್ತಿದ್ರೆ 404 ಬರುತ್ತೆ. ಕೋಡ್‌ನಲ್ಲಿ ತಪ್ಪಿಲ್ಲ. ರಿಫ್ರೆಶ್ ಅಂದಾಗ ಬ್ರೌಸರ್ ಸರ್ವರನ್ನು "ಗುಬ್ಬಿ ಅನ್ನೋ ಪುಟ ಕೊಡು" ಅಂತ ಕೇಳುತ್ತೆ. ಸರ್ವರ್ ಹತ್ರ ಇರೋದು ಇಂಡೆಕ್ಸ್ ಒಂದೇ. ಗುಬ್ಬಿ ಇರೋದು ಪರದೆಯಾಗಿ, ಬೇರೆ ಥಿಯೇಟರ್ ಆಗಿ ಅಲ್ಲ. ಪರಿಹಾರ ಸುಲಭ: ಇಂಡೆಕ್ಸ್ ಫೈಲ್‌ನ ಒಂದು ಕಾಪಿಗೆ '404 ಎಚ್‌ಟಿಎಂಎಲ್' ಅಂತ ಹೆಸರಿಟ್ಟು ಜೊತೆಗೆ ಏರಿಸಿ, ಅಥವಾ ಹ್ಯಾಶ್ ರೂಟರ್ ಬಳಸಿ. ಸೈಟ್ ನಿಮ್ಮ ರೆಪೋ ಹೆಸರಿನ ಅಡಿಯಲ್ಲಿದ್ದರೆ ವೀಟ್ ಕಾನ್ಫಿಗ್‌ನಲ್ಲಿ 'ಬೇಸ್' ಕೂಡ ಆ ಹೆಸರಿಗೆ ಬದಲಾಯಿಸಬೇಕು, ಇಲ್ಲಾಂದ್ರೆ ಪೂರ್ತಿ ಬಿಳಿ ಪುಟವೇ ಗತಿ.

ಎಲ್ಲಾದಕ್ಕೂ ಇದು ಬೇಕಾ?

ಬೇಡ. ಫೆಸ್ಟ್ ನೋಟಿಸ್, ಒಂದು ಪುಟದ ಪರಿಚಯ, ಬರೀ ಓದೋ ಲೇಖನ ಇದಕ್ಕೆಲ್ಲ ಸಾದಾ ಎಚ್‌ಟಿಎಂಎಲ್ ಸಾಕು. ಬೇಗ ತೆರೆಯುತ್ತೆ, ಡೇಟಾನೂ ಕಮ್ಮಿ. ಬಳಸೋರು ಮತ್ತೆ ಮತ್ತೆ ಒತ್ತಿ, ಆರಿಸಿ, ಬದಲಾಯಿಸೋ ಕಡೆ ಮಾತ್ರ ಸಿಂಗಲ್ ಪೇಜ್ ಆ್ಯಪ್‌ಗೆ ಅರ್ಥ.

ಈ ಶನಿವಾರ ಒಂದು ಕೆಲಸ ಮಾಡಿ. ಹೊಸ ಟೆಂಪ್ಲೇಟ್ ತೆಗೆದು ಒಂದೊಂದೇ ಫೈಲ್ ಅಳಿಸಿ, ಏನು ಒಡೆಯುತ್ತೆ ನೋಡಿ, ಕಂಟ್ರೋಲ್ ಝಡ್ ಒತ್ತಿ ವಾಪಸ್ ತನ್ನಿ. ಯಾವುದು ಹೋದ್ರೆ ಏನು ನಿಲ್ಲುತ್ತೆ ಅಂತ ಒಂದು ಸಲ ಕಣ್ಣಾರೆ ಕಂಡ್ರೆ ಮರೆಯಲ್ಲ. ಆಮೇಲೆ ಬಸ್ ಆ್ಯಪ್ ಕಟ್ಟಿ, ಕುಣಿಗಲ್ ಬಸ್ಸಿನಲ್ಲಿ ಬರೋ ಗೆಳೆಯರ ಫೋನ್‌ನಲ್ಲೇ ಮೊದಲು ತೆರೆದು ನೋಡಿ. ಕಾಲೇಜ್ ವೈಫೈನಲ್ಲಿ ಎಲ್ಲಾ ಆ್ಯಪೂ ಫಾಸ್ಟೇ!